ಕಂಪ್ಯೂಟರ್ ವೈರಸ್: ಉಗಮ ಮತ್ತು ಪ್ರಸರಣ

ತನ್ನ ಪ್ರತಿಯನ್ನು ತಾನೇ ರಚಿಸಿಕೊಂಡು, ಅದನ್ನು ಅನ್ಯ ಪ್ರೋಗ್ರಾಮುಗಳೊಳಗೆ ಸೇರಿಸಿ, ಅವುಗಳ ಚಾಲನೆಯೊಡನೆ ತಾನೂ ಚಾಲಿತವಾಗುವ ಆದೇಶಗಳ ಸಮೂಹವನ್ನು ಕಂಪ್ಯೂಟರ್ ವೈರಸ್ ಎನ್ನುವರು. ಯಂತ್ರವು ತನ್ನಂತಹುದೇ ಇನ್ನೊಂದನ್ನು ನಿರ್ಮಿಸಬಲ್ಲುದೆಂಬ ತತ್ತ್ವವನ್ನು ಗಣಿತಜ್ಞ ಜಾನ್ ವಾನ್ ನಾಯ್ಮನ್ 1940ರ ದಶಕದಲ್ಲಿಯೇ ಪ್ರತಿಪಾದಿಸಿದ್ದನಾದರೂ, ಅದು ಜನಸಾಮಾನ್ಯರ ಮೇಜಿಗೆ ಬಂದಿಳಿದುದು ಮಾಹಿತಿಯನ್ನು ಒಯ್ಯುವ ಫ್ಲಾಪಿ ಡಿಸ್ಕುಗಳ ಕಾಲದಲ್ಲಿ. 1982ರಲ್ಲಿ ಅಮೆರಿಕದ ಶಾಲಾ ವಿದ್ಯಾರ್ಥಿ ರಿಚ್ ಸ್ಕ್ರೆಂಟಾ ಆಪಲ್ ಯಂತ್ರಗಳಿಗಾಗಿ ‘ಎಲ್ಕ್ ಕ್ಲೋನರ್’ ಎಂಬ ವೈರಸ್ಸನ್ನು ಬರೆದನು. ಮರುವರ್ಷ ಇಂತಹ ರಚನೆಯನ್ನು ಪ್ರಯೋಗಿಸಿ ತೋರಿಸಿದ ಸಂಶೋಧಕ ಫ್ರೆಡ್ ಕೋಹೆನ್, ಸಕಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಗುರುತಿಸುವ ವಿಧಾನವು ಅಸಾಧ್ಯವೆಂದು ಮುಂದೆ ಸಾಧಿಸಿದನು.

1986ರಲ್ಲಿ ಲಾಹೋರಿನ ಅಲ್ವಿ ಸಹೋದರರು ರಚಿಸಿದ ‘ಬ್ರೈನ್’ ಐಬಿಎಂ ಪಿಸಿಗಳನ್ನು ಹಿಡಿದ ಪ್ರಥಮ ವೈರಸ್ಸೆಂದು ಪ್ರಸಿದ್ಧವಾಗಿದೆ. ಫ್ಲಾಪಿಯನ್ನಿಟ್ಟು ಗುಂಡಿಯೊತ್ತಿದಾಗ ಆ ಯಂತ್ರವು ಮೊತ್ತಮೊದಲು ಓದುವುದು ಫ್ಲಾಪಿಯ ಆದ್ಯ ಭಾಗವಾದ ಬೂಟ್ ಸೆಕ್ಟರನ್ನು. ಅಲ್ಲಿರುವುದೇನೆಂದು ವಿಚಾರಿಸದೆ ಪಾಲಿಸುವುದು ಅದರ ಸ್ವಭಾವ. ಬ್ರೈನ್ ಆ ಸ್ಥಾನವನ್ನು ತಾನು ಆಕ್ರಮಿಸಿ, ಮೂಲ ಬರಹವನ್ನು ಬೇರೆಡೆಗೆ ಒಯ್ದಿರಿಸಿ, ಆ ಜಾಗ ಕೆಟ್ಟಿದೆಯೆಂದು ಗುರುತುಹಾಕಿ, ಯಾರಾದರೂ ಮೊದಲ ಸೆಕ್ಟರನ್ನು ಪರೀಕ್ಷಿಸಹೊರಟರೆ ಬಚ್ಚಿಟ್ಟ ಮೂಲವನ್ನೇ ಅವರ ಮುಂದಿಡುತ್ತಿದ್ದಿತು. ಮೆಮೊರಿಯಲ್ಲಿ ಅದು ನೆಲಸಿರುವಾಗ ಡ್ರೈವಿಗೆ ಹಾಕಿ ಬಳಸಿದ ಬೇರೆ ಫ್ಲಾಪಿಗಳಿಗೂ ಸೋಂಕು ತಗಲುತ್ತಿದ್ದಿತು. ತಮ್ಮ ತಂತ್ರಾಂಶದ ನಕಲನ್ನು ತಡೆಯಲೆಂದು ಇದನ್ನು ಬರೆದೆವೆಂದ ಆ ಸಹೋದರರು ಅದರೊಳಗೆ ತಮ್ಮ ವಿಳಾಸವನ್ನೂ ದೂರವಾಣಿ ಸಂಖ್ಯೆಗಳನ್ನೂ ನಮೂದಿಸಿದ್ದರು. ವೈರಸ್ಸಿಗೆ ಸ್ವಂತ ಬಲವೆಂಬುದಿಲ್ಲ. ಯಂತ್ರದ ವಿಧೇಯತೆ, ಮನುಷ್ಯನ ನಂಬಿಕೆ ಇವೆರಡೇ ಅದರ ವಾಹನವೆಂಬುದನ್ನು ಬ್ರೈನಿಗಿಂತ ಸ್ಪಷ್ಟವಾಗಿ ತೋರುವ ಉದಾಹರಣೆ ದುರ್ಲಭ.

1988ರ ನವೆಂಬರ್ 2ರಂದು ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಹೊರಬಿಟ್ಟ, ಜಾಲದ ಮೂಲಕ ತಾನಾಗಿಯೇ ಹರಡುವ ‘ವರ್ಮ್’ಗಾದರೋ ಮಾನವಹಸ್ತದ ನೆರವೂ ಬೇಕಾಗಲಿಲ್ಲ. ಜಾಲದ ಯಂತ್ರಗಳಲ್ಲಿದ್ದ ಒಂದು ಸೇವಾ ಪ್ರೋಗ್ರಾಮು ತನಗೆ ಬಂದ ಬರಹದ ಉದ್ದವನ್ನು ಅಳೆಯದೆ 512 ಬೈಟುಗಳ ಎಡೆಯಲ್ಲಿ ತುಂಬಿಕೊಳ್ಳುತ್ತಿದ್ದಿತು. ಮಿತಿಮೀರಿ ಕಳುಹಿಸಿದ ಅಕ್ಷರಗಳು ಪಕ್ಕದ ಮೆಮೊರಿಯನ್ನಾವರಿಸಿ, ಕಳುಹಿಸಿದ ಬರಹವೇ ಆದೇಶಗಳಾಗಿ ನಡೆಯುವಂತೆ ಮಾಡುತ್ತಿದ್ದುವು. ಒಮ್ಮೆ ಹೊಕ್ಕ ಯಂತ್ರವನ್ನು ಮತ್ತೆ ಹೊಗಬಾರದೆಂಬ ನಿಯಮವನ್ನು ಏಳರಲ್ಲೊಂದು ಬಾರಿ ಮೀರುವಂತೆ ಆತನು ಬರೆದಿದ್ದ ಕಾರಣ, ಸಾವಿರಾರು ಯಂತ್ರಗಳು ಪ್ರತಿಗಳ ಭಾರದಿಂದಲೇ ಸ್ತಬ್ಧವಾದುವು.

ಅನಂತರದ ಕಾಲದಲ್ಲಿ ಇ-ಮೇಲ್ ಪ್ರಸರಣದ ಮಾರ್ಗವಾಯಿತು. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸಿನಿಂದ ಹೊರಟ ‘ಐ ಲವ್ ಯೂ’ ಪ್ರೇಮಪತ್ರದ ಸೋಗಿನಲ್ಲಿ, ಪರಿಚಿತರ ಹೆಸರಿನಿಂದಲೇ ಬಂದು, ತೆರೆದವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ತನ್ನನ್ನು ತಾನೇ ಕಳುಹಿಸಿಕೊಂಡಿತು. ಆ ದೇಶದಲ್ಲಿ ತಕ್ಕ ಕಾನೂನಿಲ್ಲದ್ದರಿಂದ ಯಾರಿಗೂ ಶಿಕ್ಷೆಯಾಗಲಿಲ್ಲ. ಅದೇ ವರ್ಷ ಭಾರತದಲ್ಲಿ ಜಾರಿಗೆ ಬಂದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ತನ್ನ 43ನೆಯ ಪ್ರಕರಣದಲ್ಲಿ ಕಂಪ್ಯೂಟರ್ ವೈರಸ್ಸನ್ನು ವ್ಯಾಖ್ಯಾನಿಸಿ, ಅದನ್ನು ಅನುಮತಿಯಿಲ್ಲದೆ ಅನ್ಯರ ಯಂತ್ರಕ್ಕೆ ಸೇರಿಸಿದವನು ನಷ್ಟ ತುಂಬಿಕೊಡತಕ್ಕುದೆಂದು ವಿಧಿಸಿತು.