ರಸ್ತೆ ಕುಸಿದರೆ ಔಷಧಿ ಎಲ್ಲಿಂದ? ಮಳೆಗಾಲಕ್ಕೆ ಮುನ್ನ ತಿಳಿದಿರಬೇಕಾದದ್ದು

ಮಡಿಕೇರಿ: ಭೂಕುಸಿತ ಅಂದ್ರೆ ನೆನಪಾಗೋದು ಕುಸಿದ ಮನೆ, ಕೊಚ್ಚಿಹೋದ ತೋಟ. ಆದರೆ ಗಾಯವೇ ಆಗದವರಿಗೂ ಚಿಕಿತ್ಸೆ ತಪ್ಪುತ್ತೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಭಾಗದಲ್ಲಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ಹೆದ್ದಾರಿ ಬಂದ್ ಆಯ್ತು. ದೊಡ್ಡ ಕಾಯಿಲೆಗೆ ಮಂಗಳೂರು ಇಲ್ಲವೇ ಮೈಸೂರು ಹಿಡಿಯೋ ಜಿಲ್ಲೆಗೆ ಒಂದು ದಾರಿ ಹೋದರೆ ಅರ್ಧ ಆಸ್ಪತ್ರೆಯೇ ಹೋದಂಗೆ.

ಹೆಚ್ಚು ಕಷ್ಟ ಡಯಾಲಿಸಿಸ್‌ನವರಿಗೆ. ವಾರಕ್ಕೆ 2-3 ಸಲ, ಪ್ರತಿ ಸಲ ಸುಮಾರು 4 ಗಂಟೆ. ಒಂದು ಸಲಕ್ಕೆ 100 ಲೀಟರ್‌ಗೂ ಹೆಚ್ಚು ಶುದ್ಧೀಕರಿಸಿದ ನೀರು ಬೇಕು. ಜನರೇಟರ್ ಇದ್ರೂ ನೀರಿಲ್ಲ ಅಂದ್ರೆ ಮಷಿನ್ ಸುಮ್ಮನೆ ಕೂರುತ್ತೆ. ಸರದಿ ತಪ್ಪಿದರೆ ಮೈಯಲ್ಲಿ ನೀರು, ಪೊಟ್ಯಾಸಿಯಂ ಏರಿ ಹೃದಯಕ್ಕೇ ಅಪಾಯ. ಬೇರೆ ಕಡೆ ಎಲ್ಲಿ ಸಿಗುತ್ತೆ ಅಂತ ಈಗಲೇ ಕೇಳಿಟ್ಟುಕೊಳ್ಳಿ. ಎಳನೀರು, ಬಾಳೆಹಣ್ಣು ದೂರವಿರಲಿ; ಪರಿಹಾರ ಕೇಂದ್ರದಲ್ಲಿ ಪ್ರೀತಿಯಿಂದ ಕೊಡೋದು ಅದನ್ನೇ!

ಇನ್ಸುಲಿನ್ ಬಾಟಲಿ ಓಪನ್ ಮಾಡಿರದಿದ್ದರೆ 2ರಿಂದ 8 ಡಿಗ್ರಿ ತಂಪು ಬೇಕು. ಬಳಸುತ್ತಿರೋದು ಸಾಮಾನ್ಯವಾಗಿ 4 ವಾರ ಫ್ರಿಡ್ಜ್ ಇಲ್ಲದೆಯೂ ತಡೆಯುತ್ತೆ, ಬಿಸಿ ತಾಗಬಾರದು ಅಷ್ಟೇ. ಕರೆಂಟ್ ಹೋದರೆ ಒದ್ದೆ ಬಟ್ಟೆ ಸುತ್ತಿದ ಮಡಕೆಯಲ್ಲಿಡಿ. ಐಸ್‌ಗೆ ನೇರ ತಾಗಿಸಬೇಡಿ, ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬರಲ್ಲ.

ಬಿಪಿ, ಟಿಬಿ, ಮೂರ್ಛೆ ಮಾತ್ರೆ ಏಕಾಏಕಿ ನಿಲ್ಲಿಸೋ ಹಾಗಿಲ್ಲ. "ಕೆಂಪು ಮಾತ್ರೆ ಸರ್" ಅಂದ್ರೆ ಹೊಸ ಡಾಕ್ಟರ್‌ಗೆ ಏನು ಗೊತ್ತಾಗುತ್ತೆ? ಚೀಟಿಯ ಫೋಟೋ ಮೊಬೈಲ್‌ನಲ್ಲಿರಲಿ, ಚೀಟಿ ಪ್ಲಾಸ್ಟಿಕ್ ಕವರ್‌ನಲ್ಲಿರಲಿ.

ಮೆಡಿಕಲ್ ಶಾಪ್‌ನವರು ಕೆಳಗಿನ ಕಪಾಟಿನ ಸ್ಟಾಕ್ ಮೇಲಕ್ಕೆ ಏರಿಸಿ. ಕೊಚ್ಚೆನೀರಿಗೆ ಬಿದ್ದ ಸ್ಟ್ರಿಪ್ ಒರೆಸಿ ಮಾರೋದು ಬೇಡ.