ಧ್ರುವ: ಕೈಚಳಕ ಉಳಿಯಿತು, ಹೆಸರು ಅಳಿಯಿತು

ಬೆಂಗಳೂರಿನ ವಿಡಿಯೊ ಗೇಮ್ ಉದ್ಯಮದ ಕಥೆ ಆರಂಭವಾಗುವುದು 1997ರಲ್ಲಿ. ರಾಜೇಶ್ ರಾವ್ ಅವರು 'ಧ್ರುವ ಇಂಟರ್‌ಆ್ಯಕ್ಟಿವ್' ಸ್ಥಾಪಿಸಿದ್ದು ಆ ವರ್ಷ. ಗೇಮ್ ತಯಾರಿಕೆಗೆ ಇಳಿದ ದೇಶದ ಮೊದಮೊದಲ ಸಂಸ್ಥೆಗಳಲ್ಲಿ ಇದೂ ಒಂದು.

ಆಗ ದುಡ್ಡು ಕೊಟ್ಟು ಗೇಮ್ ಕೊಳ್ಳುವವರು ಇಲ್ಲಿ ವಿರಳ. ಹಾಗಾಗಿ ಧ್ರುವ ವಿದೇಶಿ ಕಂಪನಿಗಳ ಗುತ್ತಿಗೆ ಕೆಲಸವನ್ನು ನೆಚ್ಚಿಕೊಂಡಿತು. ಮೊದಲು ಫ್ರಾನ್ಸ್‌ನ ಇನ್ಫೋಗ್ರಾಮ್ಸ್‌ಗಾಗಿ 'ಮಿಷನ್ ಇಂಪಾಸಿಬಲ್' ಗೇಮ್‌ನ ಕೆಲಸ. ಮುಂದೆ ಮೈಕ್ರೊಸಾಫ್ಟ್‌ನ 'ಫೋರ್ಜಾ' ರೇಸ್‌ಗೆ ಕಾರುಗಳ ಚಿತ್ರಣ. ಆಟ ಅವರದು, ಕೈಚಳಕ ನಮ್ಮವರದು.

2016ರ ಡಿಸೆಂಬರ್‌ನಲ್ಲಿ ಸ್ವೀಡನ್‌ನ ಸ್ಟಾರ್‌ಬ್ರೀಜ್ ಕಂಪನಿ ಧ್ರುವದ ಶೇ 90ಕ್ಕೂ ಹೆಚ್ಚು ಷೇರು ಕೊಳ್ಳಲು ಮುಂದಾಯಿತು. ಎರಡೇ ವರ್ಷದಲ್ಲಿ ಕೊಂಡವರೇ ಕಷ್ಟಕ್ಕೆ ಸಿಲುಕಿದರು. 2018ರಲ್ಲಿ ಬಂದ ಅವರ 'ವಾಕಿಂಗ್ ಡೆಡ್' ಗೇಮ್ ನೆಲಕಚ್ಚಿತು. ಹಣ ಹೊಂದಿಸಲು ಅವರು 2019ರಲ್ಲಿ ಧ್ರುವವನ್ನು ಸುಮಾರು 79 ಲಕ್ಷ ಡಾಲರ್‌ಗೆ ಮಾರಿದರು. ಕೊಂಡದ್ದು 'ಗ್ರ್ಯಾಂಡ್ ಥೆಫ್ಟ್ ಆಟೊ' ಖ್ಯಾತಿಯ ರಾಕ್‌ಸ್ಟಾರ್. ಬೆಂಗಳೂರಿನಲ್ಲೇ ಇದ್ದ ರಾಕ್‌ಸ್ಟಾರ್ ಇಂಡಿಯಾದಲ್ಲಿ ಧ್ರುವ ವಿಲೀನವಾಯಿತು.

ಕಲಾವಿದರಿಗೆ ಕೆಲಸ ಉಳಿಯಿತು. ಆದರೆ 22 ವರ್ಷ ಬಾಳಿದ ಹೆಸರು ಅಳಿಯಿತು. ಬೆಂಗಳೂರಿನಲ್ಲಿ ಪ್ರತಿಭೆಗೆ ಬರವಿರಲಿಲ್ಲ. ತಯಾರಿಸಿದ ಆಟದ ಒಡೆತನ ಮಾತ್ರ ಸದಾ ಬೇರೆಯವರ ಕೈಯಲ್ಲಿತ್ತು. ಕೊನೆಗೆ ಸಂಸ್ಥೆಯ ಒಡೆತನವೂ ಅದೇ ದಾರಿ ಹಿಡಿಯಿತು.