ಮನೋಚಿಕಿತ್ಸೆ ಪಡೆಯುವವರಿಗೆ ಇರುವ ಹಕ್ಕುಗಳು

ಮನೆಯವರಿಗೂ ಹೇಳಲಾಗದ ಸಂಗತಿಗಳನ್ನು ಮನೋಚಿಕಿತ್ಸಕರ ಮುಂದೆ ಹೇಳಿಕೊಳ್ಳಬೇಕಾಗುತ್ತದೆ. ಆ ಮಾತು ನಾಳೆ ಕುಟುಂಬಕ್ಕೋ ಕಚೇರಿಗೋ ತಲುಪಿದರೆ ಗತಿಯೇನು ಎಂಬ ಅಳುಕಿನಿಂದಲೇ ಚಿಕಿತ್ಸೆಗೆ ಹಿಂಜರಿಯುವವರುಂಟು. ಈ ಅಳುಕಿಗೆ ಕಾನೂನಿನಲ್ಲಿ ಪರಿಹಾರವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು 1987ರ ಹಳೆಯ ಕಾಯ್ದೆಯ ಬದಲಿಗೆ 2018ರಲ್ಲಿ ಜಾರಿಗೆ ಬಂದಿತು. ಇದರ ಐದನೇ ಅಧ್ಯಾಯ (ಕಲಂ 18ರಿಂದ 28) ಮಾನಸಿಕ ಅಸ್ವಸ್ಥರ ಹಕ್ಕುಗಳಿಗೇ ಮೀಸಲಾಗಿದೆ.

ಗೋಪ್ಯತೆ

ಕಲಂ 23ರ ಪ್ರಕಾರ ವ್ಯಕ್ತಿಯ ಮಾನಸಿಕ ಆರೋಗ್ಯ ಹಾಗೂ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡಬೇಕು. ಸಂಬಂಧಿಕರೆಂಬ ಮಾತ್ರಕ್ಕೆ ಯಾರಿಗೂ ಈ ವಿವರ ಕೇಳುವ ಅಧಿಕಾರ ಬರುವುದಿಲ್ಲ. ಆದರೆ ಈ ಹಕ್ಕಿಗೂ ಮಿತಿಗಳಿವೆ. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ಇತರರನ್ನು ಹಿಂಸೆಯಿಂದ ರಕ್ಷಿಸಬೇಕಾದಾಗ, ಉಚ್ಚ ನ್ಯಾಯಾಲಯ ಅಥವಾ ಸುಪ್ರೀಂ ಕೋರ್ಟ್ ಆದೇಶಿಸಿದಾಗ ಅಗತ್ಯವಿರುವಷ್ಟು ಮಾಹಿತಿಯನ್ನು ನೀಡಬಹುದು. ಚಿಕಿತ್ಸೆಗೆ ಅಗತ್ಯವಾದರೆ ಇತರ ವೈದ್ಯರಿಗೆ ಮತ್ತು ರೋಗಿಯ ನಾಮನಿರ್ದೇಶಿತ ಪ್ರತಿನಿಧಿಗೂ ತಿಳಿಸಬಹುದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದುಬಂದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಈ ಮಿತಿಗಳನ್ನು ಮೊದಲ ಭೇಟಿಯಲ್ಲೇ ವಿವರಿಸುವುದು ಉತ್ತಮ ಚಿಕಿತ್ಸಕರ ಲಕ್ಷಣ.

ಮಾಹಿತಿ ಮತ್ತು ಒಪ್ಪಿಗೆ

ಕಾಯಿಲೆಯ ಸ್ವರೂಪ ಮತ್ತು ಉದ್ದೇಶಿತ ಚಿಕಿತ್ಸೆಯ ವಿವರವನ್ನು ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕೆಂದು ಕಲಂ 22 ಹೇಳುತ್ತದೆ. ಕನ್ನಡ ಮಾತ್ರ ಬಲ್ಲವರಿಗೆ ಇಂಗ್ಲಿಷ್ ಪತ್ರಕ್ಕೆ ಸಹಿ ಹಾಕಿಸಿಕೊಂಡರೆ ಈ ಉದ್ದೇಶ ಈಡೇರದು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂ ಅವಕಾಶವಿದೆ. ತಮ್ಮ ಮೂಲ ವೈದ್ಯಕೀಯ ದಾಖಲೆಗಳನ್ನು ಪಡೆಯುವ ಹಕ್ಕು ಕಲಂ 25ರಲ್ಲಿದೆ. ರೋಗಿಗೆ ಗಂಭೀರ ಮಾನಸಿಕ ಹಾನಿಯಾಗುವ ಅಥವಾ ಇತರರಿಗೆ ಹಾನಿಯಾಗುವ ಸಂಭವವಿದ್ದರೆ ಮಾತ್ರ ನಿರ್ದಿಷ್ಟ ಮಾಹಿತಿಯನ್ನು ತಡೆಹಿಡಿಯಬಹುದು.

ಲೈಂಗಿಕ ಒಲವನ್ನು ಬದಲಿಸುವುದಾಗಿ ನೀಡುವ ‘ಪರಿವರ್ತನಾ ಚಿಕಿತ್ಸೆ’ಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿಪರ ದುರ್ನಡತೆ ಎಂದು ಘೋಷಿಸಿದೆ.

ಚಿಕಿತ್ಸಕರ ಅರ್ಹತೆ

ಕಾಯ್ದೆಯು ಮನೋವೈದ್ಯರು ಹಾಗೂ ಭಾರತೀಯ ಪುನರ್ವಸತಿ ಮಂಡಳಿಯ ಮಾನ್ಯತೆ ಪಡೆದ ಶಿಕ್ಷಣ ಪಡೆದ ಚಿಕಿತ್ಸಾ ಮನೋವಿಜ್ಞಾನಿಗಳ ಅರ್ಹತೆಯನ್ನು ಸ್ಪಷ್ಟವಾಗಿ ನಿಗದಿಪಡಿಸಿದೆ. ‘ಆಪ್ತಸಮಾಲೋಚಕ’ ಎಂಬ ಫಲಕದ ಹಿಂದೆ ಇಂಥ ಅರ್ಹತೆ ಇದ್ದೇ ಇರುತ್ತದೆ ಎನ್ನಲಾಗದು. ಮನೋವಿಜ್ಞಾನಿ, ಆಪ್ತಸಮಾಲೋಚಕರ ವೃತ್ತಿಯನ್ನು ನಿಯಂತ್ರಿಸಲು 2021ರಲ್ಲಿ ಪ್ರತ್ಯೇಕ ಕಾಯ್ದೆಯೂ ಬಂದಿದೆ. ಪದವಿ, ನೋಂದಣಿ ಸಂಖ್ಯೆ, ಶುಲ್ಕಗಳನ್ನು ಮೊದಲೇ ಕೇಳುವುದು ಅವಿಶ್ವಾಸವಲ್ಲ, ಅದು ರೋಗಿಯ ಹಕ್ಕು. ಚಿಕಿತ್ಸಕರು ಲೈಂಗಿಕ ಸಂಬಂಧಕ್ಕೆ ಯತ್ನಿಸುವುದು ಯಾವ ಸಂದರ್ಭದಲ್ಲೂ ಚಿಕಿತ್ಸೆಯ ಭಾಗವಲ್ಲ.

ದೂರು ಎಲ್ಲಿ?

ಸೇವೆಯಲ್ಲಿ ಲೋಪವಾದರೆ ಮೊದಲು ಸಂಸ್ಥೆಯ ಮುಖ್ಯಸ್ಥ ವೈದ್ಯರಿಗೆ, ಅಲ್ಲಿ ಸಮಾಧಾನವಾಗದಿದ್ದರೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ, ಬಳಿಕ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ದೂರು ಸಲ್ಲಿಸಬಹುದು (ಕಲಂ 28). ಕಾಯ್ದೆಯ ಕಲಂ 27 ಉಚಿತ ಕಾನೂನು ನೆರವಿಗೂ ಅವಕಾಶ ನೀಡಿದೆ. ಶುಲ್ಕ ಪಡೆದು ನೀಡಿದ ಚಿಕಿತ್ಸೆಯಲ್ಲಿ ಲೋಪವಾದರೆ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ತುರ್ತು ಮಾನಸಿಕ ನೆರವಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.